ಗಡಿಯಾರ, ಪರ್ಫ್, ಕ್ಯಾಶ್‌ಗ್ರೈಂಡ್: ಮಂಗಳೂರಿನ ಸೆಕೆಯಲ್ಲಿ ಯಾವ ಅಳತೆ ನಂಬಬಹುದು?

ಮೇ ತಿಂಗಳ ಸೆಕೆಯಲ್ಲಿ ಮಂಗಳೂರಿನ ಎಸಿ ಇಲ್ಲದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಪ್ರೋಗ್ರಾಂ ಎಷ್ಟು ಸೆಕೆಂಡು ಓಡಿತೆಂದು ಅಳೆದರೆ ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಇನ್ನೊಂದು. ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಕರೆಂಟು ಹೋಗಿ ಬ್ಯಾಟರಿಯ ಮೇಲೆ ಓಡುವಾಗ ಇನ್ನಷ್ಟು ಇಳಿಯಬಹುದು. ಕೋಡ್ ತಿದ್ದಿ ಗಳಿಸಿದ ನೂರಕ್ಕೆ 1ರಷ್ಟು ಲಾಭ ಈ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಲಿನಕ್ಸ್‌ನಲ್ಲಿ ಇನ್‌ಸ್ಟ್ರಕ್ಷನ್ (ಪ್ರೊಸೆಸರ್ ನಡೆಸುವ ಒಂದೊಂದು ಸಣ್ಣ ಆದೇಶ) ಎಣಿಸುವ ಎರಡು ಸಾಧನಗಳನ್ನು, ಪರ್ಫ್ ಮತ್ತು ಕ್ಯಾಶ್‌ಗ್ರೈಂಡ್ ಅನ್ನು, ಗಡಿಯಾರದ ಪಕ್ಕಕ್ಕಿಟ್ಟು ನೋಡಿದೆವು.

ಪರ್ಫ್ ಎಣಿಸುವುದು ಪ್ರೊಸೆಸರಿನೊಳಗಿನ ಕೌಂಟರ್‌ಗಳಿಂದ, ಹಾಗಾಗಿ ಪ್ರೋಗ್ರಾಂ ಹೆಚ್ಚುಕಡಿಮೆ ಪೂರ್ಣ ವೇಗದಲ್ಲೇ ಓಡುತ್ತದೆ. ಯೂಸರ್ ಮೋಡ್‌ನ, ಅಂದರೆ ಪ್ರೋಗ್ರಾಮಿನದೇ ಆದ, ಇನ್‌ಸ್ಟ್ರಕ್ಷನ್ ಮಾತ್ರ ಕೇಳಿ, ಕರ್ನೆಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಕೆಲಸ ಅದರೊಳಗೆ ಸೇರಬಾರದು. ಒಮ್ಮೆಗೇ ಹತ್ತಾರು ಇವೆಂಟ್ (ಎಣಿಸಬೇಕಾದ ಸಂಗತಿ) ಕೇಳಿದರೆ ಕೌಂಟರ್ ಸಾಲದೆ ಸರದಿ ಹಾಕುತ್ತದೆ, ಆಗ ಸಿಗುವುದು ಬರೀ ಅಂದಾಜು. ಬಾಡಿಗೆಯ ಕ್ಲೌಡ್ ಯಂತ್ರಗಳಲ್ಲಿ ಎಷ್ಟೋ ಸಲ ಕೌಂಟರ್ ಕೊಟ್ಟಿರುವುದೇ ಇಲ್ಲ.

ಪ್ರೋಗ್ರಾಂ ಪರೀಕ್ಷಿಸುವ ಸಾಧನಗಳ ಕಟ್ಟಾದ ವ್ಯಾಲ್‌ಗ್ರೈಂಡ್‌ನ ಕ್ಯಾಶ್‌ಗ್ರೈಂಡ್ ಪ್ರೋಗ್ರಾಮನ್ನು ತನ್ನದೇ ಕಾಲ್ಪನಿಕ ಪ್ರೊಸೆಸರ್ ಮೇಲೆ ಓಡಿಸುತ್ತದೆ. ಹತ್ತಾರು ಪಟ್ಟು ನಿಧಾನ, ನಿಜ. ಥ್ರೆಡ್‌ಗಳು (ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ನಡೆಯುವ ಕೆಲಸಗಳು) ಇಲ್ಲಿ ಒಂದಾದ ಮೇಲೊಂದು ಓಡುವುದರಿಂದ ಅವು ಲಾಕ್‌ಗಾಗಿ ಒಂದಕ್ಕೊಂದು ಕಾಯುವುದು ಕಾಣುವುದಿಲ್ಲ. ಆದರೆ ಸೆಕೆ, ಪಕ್ಕದ ಬ್ರೌಸರ್, ಬ್ಯಾಟರಿ ಯಾವುದೂ ಇದನ್ನು ಅಲುಗಿಸದು. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದ ತಂಡ ಸಣ್ಣ ಸಣ್ಣ ಸುಧಾರಣೆಗಳನ್ನು ಅಳೆಯುವುದು ಇದರಿಂದಲೇ. ಫಲಿತಾಂಶ 7 ಅಂಕಿಗಳವರೆಗೂ ಮರಳಿ ಅದೇ ಬರುತ್ತದೆ ಎನ್ನುತ್ತಾರೆ ಅವರು. ವ್ಯಾಲ್‌ಗ್ರೈಂಡ್‌ನ 2023ರ 3.21 ಆವೃತ್ತಿಯಿಂದ ಕ್ಯಾಶ್ ಸಿಮ್ಯುಲೇಶನ್ (ಪ್ರೊಸೆಸರಿನ ವೇಗದ ಸಣ್ಣ ಮೆಮೊರಿಯ ಅನುಕರಣೆ) ತಾನಾಗಿ ಓಡುವುದಿಲ್ಲ, ಬೇಕಿದ್ದರೆ ಕ್ಯಾಶ್-ಸಿಮ್ ಆಯ್ಕೆಗೆ ‘ಯೆಸ್’ ಕೊಡಬೇಕು. ಹಳೆಯ ಪಾಠಗಳನ್ನು ನೋಡಿ ಓಡಿಸುವವರು ಇಲ್ಲೇ ಗಲಿಬಿಲಿಗೊಳ್ಳುತ್ತಾರೆ.

ಹಾಗೆಂದು ಎಣಿಕೆ ಪೂರ್ತಿ ಹಾರ್ಡ್‌ವೇರ್‌ನ ಹಂಗಿಲ್ಲದ್ದೂ ಅಲ್ಲ. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಆಯಾ ಪ್ರೊಸೆಸರ್ ನೋಡಿ ಮೆಮೊರಿ ನಕಲು ಮಾಡುವ ಮೆಮ್‌ಕಾಪಿಯ ಬೇರೆ ಬೇರೆ ರೂಪ ಆರಿಸುತ್ತದೆ. ಯಂತ್ರ ಬದಲಾದರೆ ಎಣಿಕೆಯೂ ಬದಲಾಗಬಹುದು. ಕಂಪೈಲರ್, ಲೈಬ್ರರಿ ಆವೃತ್ತಿಗಳನ್ನು ಕಂಟೈನರ್‌ನಲ್ಲಿ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ ತಂತ್ರಾಂಶದೊಡನೆ ಕಟ್ಟಿಡುವ ಪೊಟ್ಟಣ) ಕಟ್ಟಿಹಾಕಿ. ಪ್ರತಿ ಓಟಕ್ಕೂ ಲಿನಕ್ಸ್ ಮೆಮೊರಿ ವಿಳಾಸ ಕಲಸುವುದನ್ನು ಸೆಟ್‌ಆರ್ಚ್ ಎಂಬ ಆಜ್ಞೆಯಿಂದ ನಿಲ್ಲಿಸಿ. ಪೈಥಾನ್ ಆದರೆ ಹ್ಯಾಶ್ ಸೀಡ್ (ಹ್ಯಾಶ್ ಲೆಕ್ಕ ಶುರುವಾಗುವ ಸಂಖ್ಯೆ) 0 ಇಡಿ, ಇಲ್ಲವಾದರೆ ಪ್ರತಿ ಓಟಕ್ಕೂ ಸಂಖ್ಯೆ ಕದಲುತ್ತದೆ.

ತಿದ್ದುವ ಮೊದಲು, ತಿದ್ದಿದ ಮೇಲೆ ಎಂಬ ಹೋಲಿಕೆಗೆ ನಮ್ಮ ಆಯ್ಕೆ ಕ್ಯಾಶ್‌ಗ್ರೈಂಡ್. ಗಂಟೆಗಟ್ಟಲೆ ಓಡುವ ಕೆಲಸಕ್ಕೆ ಪರ್ಫ್. ಗಡಿಯಾರವನ್ನು ಮಾತ್ರ ಬಿಡುವಂತಿಲ್ಲ: ಎಣಿಕೆಯಲ್ಲಿ ಭಾಗಾಕಾರವೂ ಒಂದೇ, ಕೂಡಿಸುವುದೂ ಒಂದೇ, ಡಿಸ್ಕ್‌ಗಾಗಿ ಕಾದ ಹೊತ್ತು ಅದರಲ್ಲಿ ಬರುವುದೇ ಇಲ್ಲ. ಉಡುಪಿಯ ಅಂಗಡಿಯೊಂದರ ಹಳೆ ಡೆಸ್ಕ್‌ಟಾಪ್‌ನಲ್ಲಿ ಓಡಬೇಕಾದ ಬಿಲ್ಲಿಂಗ್ ತಂತ್ರಾಂಶವಾದರೆ ಕೊನೆಯ ಅಳತೆಯನ್ನು ಆ ಡೆಸ್ಕ್‌ಟಾಪ್‌ನಲ್ಲೇ, ಅಂಗಡಿಯ ನಿಜವಾದ ಡೇಟಾ ಹಾಕಿ, ಗಡಿಯಾರದಿಂದಲೇ ತೆಗೆಯಿರಿ.