ಬೈಕಂಪಾಡಿಯ ಔಷಧ ಗೋದಾಮು: ಮಾಲು ತಡವಾಗಬಹುದು, ತಪ್ಪಿ ಬರುವುದಿಲ್ಲ

ಬ್ರಹ್ಮಾವರದ ನನ್ನ ಔಷಧ ಅಂಗಡಿಗೆ ಬೇಕಾದ ಹೆಚ್ಚಿನ ಮಾಲನ್ನು ಈಗ ಮಂಗಳೂರಿನ ಬೈಕಂಪಾಡಿಯ ಸ್ಟಾಕಿಸ್ಟ್ (ಔಷಧದ ಸಗಟು ವ್ಯಾಪಾರಿ) ಒಬ್ಬರ ಗೋದಾಮಿನಿಂದ ತರಿಸುತ್ತೇನೆ. ಉಡುಪಿಯಲ್ಲೇ ಸಿಗುವುದಕ್ಕೆ ಮಂಗಳೂರಿನ ತನಕ ಯಾಕೆ ಎಂದು ಪರಿಚಯದ ಅಂಗಡಿಯವರು ಕೇಳುತ್ತಾರೆ. ಬಿಲ್ಲಿನಲ್ಲಿ ಇರುವುದೇ ಪೆಟ್ಟಿಗೆಯಲ್ಲೂ ಇರುತ್ತದೆ, ಅದಕ್ಕೆ.

ಈ ವ್ಯಾಪಾರದಲ್ಲಿ ಇಲ್ಲದವರಿಗೆ ಇದು ಸಣ್ಣ ಮಾತೆನಿಸಬಹುದು. ರಕ್ತದೊತ್ತಡದ ಮಾತ್ರೆ ಟೆಲ್ಮಿಸಾರ್ಟನ್‌ನದ್ದೇ ತೆಗೆದುಕೊಳ್ಳಿ, ಒಂದೇ ಕಂಪನಿಯ 40 ಮತ್ತು 80 ಮಿಲಿಗ್ರಾಂ ಸ್ಟ್ರಿಪ್‌ಗಳು ಅವಳಿ ಮಕ್ಕಳಂತೆ ಕಾಣುವುದುಂಟು. ಹೈಡ್ರಾಕ್ಸಿಜಿನ್ ತುರಿಕೆಗೆ, ಹೈಡ್ರಾಲಜಿನ್ ರಕ್ತದೊತ್ತಡಕ್ಕೆ. ಅವಸರದ ಕಣ್ಣಿಗೆ ಎರಡೂ ಒಂದೇ. ಮೊದಲು ತರಿಸುತ್ತಿದ್ದ ಕಡೆಯಿಂದ ಇಂಥ ಅದಲುಬದಲು ಪದೇ ಪದೇ ಬರುತ್ತಿತ್ತು. ಗೋದಾಮಿನ ತಪ್ಪು ಅಂಗಡಿಯಲ್ಲೂ ಕಣ್ಣು ತಪ್ಪಿಸಿಕೊಂಡರೆ ಮತ್ತೆ ಅದು ಹೋಗುವುದು ರೋಗಿಯ ಹೊಟ್ಟೆಗೇ.

ಇಲ್ಲಿ ಹೇಗೆ ಮಾಡುತ್ತಾರೆ ನೋಡಬೇಕು ಎಂದಾಗ ಮಾಲೀಕರು ಒಳಗೆ ಕರೆದೊಯ್ದು ತೋರಿಸಿದರು. ಹೆಸರು ಹೋಲುವ ಮದ್ದುಗಳನ್ನು ಬೇಕೆಂದೇ ದೂರದ ರ‍್ಯಾಕ್‌ಗಳಲ್ಲಿ ಇಟ್ಟಿದ್ದಾರೆ. ಮಾಲು ತೆಗೆಯುವ ಹುಡುಗನ ಚೀಟಿಯಲ್ಲಿ ಮೊದಲು ಬರುವುದು ರ‍್ಯಾಕ್ ಮತ್ತು ಅಂತಸ್ತಿನ ಸಂಖ್ಯೆ, ಆಮೇಲೆ ಮದ್ದಿನ ಹೆಸರು, ಬ್ಯಾಚ್. ರ‍್ಯಾಕಿನ ಚೀಟಿಯನ್ನೂ ಪೆಟ್ಟಿಗೆಯನ್ನೂ ಸ್ಕ್ಯಾನ್ ಮಾಡಬೇಕು. ಸ್ಕ್ಯಾನರ್ ಒಪ್ಪದಿದ್ದರೆ ಕೈಯಲ್ಲಿ ಸಂಖ್ಯೆ ಒತ್ತಿ ಮುಂದೆ ಹೋಗುವಂತಿಲ್ಲ, ಮೇಲ್ವಿಚಾರಕಿ ಬಂದು ನೋಡಬೇಕು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಈ ನಿಯಮ. ತೆರೆದ ಪೆಟ್ಟಿಗೆಗಳಿಗೆ ಕೆಂಪು ಟೇಪು ಅಂಟಿಸಿ ಮುಂದೆ ಇಡುತ್ತಾರೆ. ಎಣಿಕೆ ತಪ್ಪುವುದು ಹೆಚ್ಚಾಗಿ ಅರ್ಧ ಖಾಲಿಯಾದ ಪೆಟ್ಟಿಗೆಗಳಲ್ಲೇ. ಪ್ಯಾಕ್ ಮಾಡುವವರು ಬೇರೆ, ಅವರು ಮೊದಲಿನಿಂದ ಮತ್ತೆ ಎಣಿಸುತ್ತಾರೆ.

ಕೆಲಸದವರ ಮೈಕೈಯ ಬಗ್ಗೆಯೂ ಕಾಳಜಿ ಇದೆ. ಸಲೈನ್ ಪೆಟ್ಟಿಗೆ, ಗಾಜಿನ ಸಿರಪ್ ಬಾಟಲಿಗಳು ಸೊಂಟದ ಎತ್ತರದಲ್ಲಿ. ಹತ್ತಿ, ಡಯಾಪರ್ ಮೇಲೆ. ಏಣಿಯ ಚಕ್ರಕ್ಕೆ ಲಾಕ್ ಹಾಕದೆ ಯಾರೂ ಹತ್ತುವುದಿಲ್ಲ, ಪೆಟ್ಟಿಗೆ ಹಿಡಿದುಕೊಂಡು ಇಳಿಯುವುದೂ ಇಲ್ಲ. ಕೆಳಗೆ ನಿಂತವರು ಕೈಚಾಚಿ ತೆಗೆದುಕೊಳ್ಳುತ್ತಾರೆ. ನಾನು ಮಾತಾಡುತ್ತಾ ಟ್ರಾಲಿ ಓಡಾಡುವ ದಾರಿಗೆ ಕಾಲಿಟ್ಟಾಗ, “ಅಕ್ಕ, ಹಳದಿ ಗೆರೆಯ ಈಚೆ ಬನ್ನಿ” ಎಂದು ಒಬ್ಬ ಹುಡುಗ ಕೂಡಲೇ ಕರೆದ. ಮಾಲೀಕರು ಪಕ್ಕದಲ್ಲೇ ಇದ್ದರೂ ಅವನು ಹಿಂಜರಿಯಲಿಲ್ಲ. ನಮ್ಮ ಕರಾವಳಿಯ ಮಳೆಗಾಲಕ್ಕೆಂದು ಬಾಗಿಲ ಬಳಿ ದಪ್ಪ ಗೋಣಿ ಹಾಸಿದ್ದಾರೆ, ಒಂದು ಪೆಟ್ಟಿಗೆಯೂ ನೆಲಕ್ಕೆ, ಗೋಡೆಗೆ ತಾಗಿಲ್ಲ. ಗಂಟೆಗೆ ಇಷ್ಟು ಐಟಂ ತೆಗೆಯಲೇಬೇಕು ಎಂಬ ಒತ್ತಡವೂ ಇಲ್ಲವೆಂದರು. ಓಡುತ್ತಾ ತೆಗೆದ ಮಾಲು ಸರಿಯಾಗಿರುತ್ತದೆ ಎಂದು ನಾನು ನಂಬುವುದಿಲ್ಲ.

ಇನ್ಸುಲಿನ್ ಅನ್ನು ವ್ಯಾನ್ ಹೊರಡುವ ಹೊತ್ತಿಗೆ, ಎಲ್ಲಕ್ಕಿಂತ ಕೊನೆಗೆ ಫ್ರಿಜ್‌ನಿಂದ ತೆಗೆಯುತ್ತಾರೆ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಹೆಪ್ಪುಗಟ್ಟಲೂ ಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸುವಂತಿಲ್ಲ. ಆದ್ದರಿಂದ ತಂಪಿಗೆಂದು ಇಡುವ ಜೆಲ್ ಪ್ಯಾಕ್‌ಗೂ ಬಾಟಲಿಗೂ ನಡುವೆ ರಟ್ಟು ಇಡುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಹೆದ್ದಾರಿ 66ರಲ್ಲಿ ಬಂದ ಪೆಟ್ಟಿಗೆಯೂ ತಣ್ಣಗೇ ಇತ್ತು.

ಕೊರತೆಗಳೂ ಇವೆ. ಮಧ್ಯಾಹ್ನದ ನಂತರ ಕೊಟ್ಟ ಆರ್ಡರ್ ಮರುದಿನ ಸಂಜೆಗೇ ಬರುವುದು, ಹಾಗಾಗಿ ತುರ್ತಿಗೆ ಉಡುಪಿಯ ಸ್ಟಾಕಿಸ್ಟರನ್ನು ಬಿಡುವಂತಿಲ್ಲ. ಅವಧಿ ಬೇಗ ಮುಗಿಯುವ ಬ್ಯಾಚನ್ನು ಮೊದಲು ಕಳುಹಿಸುತ್ತಾರೆ; ಗೋದಾಮಿಗೆ ಅದು ಸರಿಯಾದ ಕ್ರಮ, ನಿಧಾನವಾಗಿ ಮಾರಾಟವಾಗುವ ಮದ್ದಿನಲ್ಲಿ ನಮ್ಮಂಥ ಸಣ್ಣ ಅಂಗಡಿಗೆ ನಷ್ಟ. ಆರು ತಿಂಗಳಿಗಿಂತ ಕಡಿಮೆ ಅವಧಿಯದ್ದಾದರೆ ಮೊದಲು ಫೋನ್ ಮಾಡಿ ಎಂದು ಹೇಳಿಟ್ಟಿದ್ದೇನೆ, ಮಾಡುತ್ತಾರೆ. ಹೊಸದಾಗಿ ಖಾತೆ ತೆರೆಯುವವರು ಈ ಮಾತನ್ನು ಮೊದಲ ದಿನವೇ ಬರೆಸಿಕೊಳ್ಳಿ. ವಾಪಸು ಮಾಡಿದ ಮಾಲಿನ ಹಣವನ್ನು ನಮ್ಮ ಲೆಕ್ಕಕ್ಕೆ ಜಮೆ ಮಾಡುವ ಕ್ರೆಡಿಟ್ ನೋಟ್‌ಗೆ ಮಾತ್ರ ಎರಡು ಮೂರು ಸಲ ನೆನಪಿಸಬೇಕಾಗುತ್ತದೆ.