ಕೊಚ್ಚಿಗೆ ಒಂದು ಸಲ, ಬೆಂಗಳೂರಿಗೆ ಆರು ಸಲ: ಬಳ್ಳಾರಿಯಿಂದ ಚಿತ್ರ ನೋಡಲು ಹೋದ ಲೆಕ್ಕ

ಕೊಚ್ಚಿ ಬಿನಾಲೆಗೆ, ಅಂದರೆ ಎರಡು ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ದೊಡ್ಡ ಕಲಾ ಪ್ರದರ್ಶನಕ್ಕೆ, ಹೋಗಬೇಕಾ, ಬೆಂಗಳೂರಿನಲ್ಲಿ ನೋಡಿದರೆ ಸಾಕಾ ಅಂತ ಅಕ್ಕನ ಮಗಳ ಗೆಳತಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಎರಡೂ ಕಡೆ ಸ್ವಂತ ದುಡ್ಡಲ್ಲಿ ಹೋಗಿ ಬಂದವಳು ನಾನು. ನನ್ನ ಉತ್ತರ: ಬೆಂಗಳೂರು. ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಬಂಗಲೆ ಇದೆಯಲ್ಲ, ಅಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಎಲ್ಲರೂ ಎನ್‌ಜಿಎಂಎ ಅನ್ನುತ್ತಾರೆ. ಕೇಂದ್ರ ಸರ್ಕಾರದ್ದು, 2009ರ ಫೆಬ್ರವರಿಯಲ್ಲಿ ಶುರುವಾಯಿತು. ನಾನು ಹೋದಾಗಲೆಲ್ಲ ಟಿಕೆಟ್ 20 ರೂಪಾಯಿ.

ಕೊಚ್ಚಿ ಚೆನ್ನಾಗಿಲ್ಲ ಅಂತಲ್ಲ. ಅಲ್ಲಿ ನೋಡಿದ ಒಂದು ಕೋಣೆ ಇವತ್ತಿಗೂ ಕಣ್ಣ ಮುಂದೆ ಇದೆ, ಅದನ್ನೂ ಹೇಳುತ್ತೇನೆ. ಆದರೆ ಪೀಸ್ ಲೆಕ್ಕದಲ್ಲಿ ದುಡಿಯುವ ನನ್ನಂಥವರಿಗೆ, ಒಂದು ಸಲ ನೋಡಿದ್ದರ ಮುಂದೆ ಮತ್ತೆ ಹೋಗಿ ನಿಲ್ಲೋಕೆ ಆಗೋದು ಬೆಂಗಳೂರಿನಲ್ಲಿ ಮಾತ್ರ.

ನಾನು ಜೀನ್ಸ್ ಹೊಲಿಯುವವಳು. ಕೌಲ್ ಬಜಾರ್‌ನ ಒಂದು ಜಾಬ್ ವರ್ಕ್ ಯೂನಿಟ್‌ನಲ್ಲಿ ಕೆಲಸ. ಒಂದು ದಿನ ರಜಾ ಹಾಕಿದರೆ ಆ ದಿನದ ಕೂಲಿ ಇಲ್ಲ. ನನಗೂ ಕಲಾ ಪ್ರದರ್ಶನಕ್ಕೂ ಏನು ಸಂಬಂಧ ಅಂದರೆ, ಒಂದು ರಾತ್ರಿ ಅಕ್ಕನ ಮಗಳು ಫೋನ್‌ನಲ್ಲಿ ಒಂದು ಫೋಟೊ ತೋರಿಸಿದಳು. ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರು 2007ರಲ್ಲಿ ಮಾಡಿದ 'ನೇಷನ್ಸ್'. 190ಕ್ಕೂ ಹೆಚ್ಚು ಹೊಲಿಗೆ ಮಷಿನ್. ಒಂದೊಂದರಲ್ಲೂ ಒಂದೊಂದು ದೇಶದ ಬಾವುಟ ಬಿಡಿಸಿದ ಬಟ್ಟೆ. ದಾರಗಳೆಲ್ಲ ಎಲ್ಲೆಲ್ಲೋ ಹರಿದು ಸಿಕ್ಕುಬಿದ್ದಿವೆ. "ಚಿಕ್ಕಮ್ಮ, ಇದು ಆರ್ಟ್" ಅಂದಳು. ನಾನು ಫೋನ್ ಇಸಿದುಕೊಂಡು ದೊಡ್ಡದು ಮಾಡಿ ಮಾಡಿ ನೋಡಿದೆ. ಹದಿನಾಲ್ಕು ವರ್ಷ ಮಷಿನ್ ಮುಂದೆ ಕೂತವಳು ನಾನು. ಮಷಿನ್‌ನಿಂದ ಇಂಥದ್ದೊಂದು ಮಾತು ಹೇಳಬಹುದು ಅಂತ ಯಾರೂ ನನಗೆ ಹೇಳಿರಲಿಲ್ಲ. ಅವತ್ತೇ ತೀರ್ಮಾನ ಮಾಡಿದೆವು, ಈ ಸೀಸನ್‌ನಲ್ಲಿ ಎಷ್ಟಾಗುತ್ತೋ ಅಷ್ಟು ನೋಡಿಬಿಡೋಣ ಅಂತ. ಅದು 2018.

ಮೊದಲು ಬೆಂಗಳೂರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಇಳಿಯಬಹುದು. ಆ ವರ್ಷ ಎನ್‌ಜಿಎಂಎಯಲ್ಲಿ ಎಸ್.ಜಿ. ವಾಸುದೇವ್ ಅವರ ಇಷ್ಟು ವರ್ಷದ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟಿದ್ದರು. ಅವರು 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಚೆನ್ನೈ ಹತ್ತಿರ ಚೋಳಮಂಡಲ ಅನ್ನೋ ಕಲಾವಿದರ ಊರನ್ನು ಕಟ್ಟಿದವರಲ್ಲಿ ಒಬ್ಬರು. ಬಣ್ಣದ ಚಿತ್ರ ಇತ್ತು, ತಾಮ್ರದ ತಗಡಿನಲ್ಲಿ ಮೂಡಿಸಿದ್ದು ಇತ್ತು. ನನ್ನ ಕಾಲು ನಿಂತದ್ದು ಮಾತ್ರ ನೇಯ್ದ ಚಿತ್ರಗಳ ಹತ್ತಿರ. ಸುಬ್ಬರಾಯುಲು ಅನ್ನೋ ನೇಕಾರರ ಜೊತೆ ಸೇರಿ ಮಾಡಿದ ಟೇಪೆಸ್ಟ್ರಿಗಳು ಅವು.

ನಾನು ದಿನಾ ಮುಟ್ಟುವ ಡೆನಿಮ್‌ನಲ್ಲಿ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ನೀಲಿ; ಹೊಕ್ಕು, ಅಂದರೆ ಅಡ್ಡಕ್ಕೆ ಹೋಗುವ ಎಳೆ, ಬಿಳಿ. ಅದಕ್ಕೇ ಜೀನ್ಸ್ ಹೊರಗೆ ನೀಲಿ, ಒಳಗೆ ಬಿಳಿಚು. ಟೇಪೆಸ್ಟ್ರಿಯಲ್ಲಿ ಹಾಸು ಕಾಣೋದೇ ಇಲ್ಲ. ಹೊಕ್ಕಿನ ದಾರ ಅದನ್ನು ಪೂರ್ತಿ ಮುಚ್ಚಿಬಿಡುತ್ತೆ, ಚಿತ್ರವೆಲ್ಲ ಹೊಕ್ಕಿನದೇ. ಮೊದಲ ಸಲ ಹೋದಾಗ ಇದ್ಯಾವುದೂ ನನಗೆ ಹೊಳೆಯಲಿಲ್ಲ. ಮರ ಇದೆ, ಮುಖ ಇದೆ, ಬಣ್ಣ ಚೆನ್ನಾಗಿದೆ ಅಂತ ನೋಡಿಕೊಂಡು ಮುಂದೆ ಹೋದೆ. ಊರಿಗೆ ಬಂದು ಮಷಿನ್ ಮೇಲೆ ಕೂತಾಗ ಶುರುವಾಯಿತು. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ದಾರ ಏನು ಮಾಡಿರುತ್ತೆ? ಕತ್ತರಿಸಿದ್ದಾರಾ, ತಿರುಗಿಸಿದ್ದಾರಾ? ಮೂರು ವಾರ ಅದೇ ತಲೆಯಲ್ಲಿ.

ಪ್ರದರ್ಶನ ಇನ್ನೂ ನಡೆಯುತ್ತಿತ್ತು. ಇನ್ನೊಂದು ಸಲ ಹೋದೆವು. ಈ ಸಲ ಸೀದಾ ಅಲ್ಲಿಗೇ. ಮೂಗು ತಾಗುವಷ್ಟು ಹತ್ತಿರ ನಿಂತು ಅಂಚು ನೋಡಿದೆ. ಕೆಂಪು ಎಳೆ ಬಂದು, ಒಂದು ಹಾಸಿನ ಎಳೆಯನ್ನು ಸುತ್ತಿ, ಬಂದ ದಾರಿಯಲ್ಲೇ ವಾಪಸ್ ಹೋಗಿದೆ. ಪಕ್ಕದ ಕಂದು ಎಳೆಯೂ ಹಾಗೇ ಬಂದು ಹಾಗೇ ತಿರುಗಿದೆ. ಎಷ್ಟು ತಿರುವು! ಒಂದೊಂದನ್ನೂ ಯಾರೋ ಕೂತು ಕೈಯಲ್ಲಿ ತಿರುಗಿಸಿದ್ದಾರೆ. ಕಾವಲಿನವರು "ಸ್ವಲ್ಪ ಹಿಂದೆ ನಿಲ್ಲಿ ಅಮ್ಮ" ಅಂದರು. ಹಿಂದೆ ಸರಿದೆ. ಆಗ ಕೆಂಪು, ಕಂದು ಎರಡೂ ಹೋಗಿ ಬರೀ ಸಂಜೆ ಬೆಳಕಿನ ಥರ ಒಂದು ಬಣ್ಣ ಉಳಿಯಿತು. ಅವತ್ತು ಬೇರೆ ಏನೂ ನೋಡಲಿಲ್ಲ. ಹೊರಗೆ ಬಂದು ಮರದ ಕೆಳಗೆ ಕೂತು ರೊಟ್ಟಿ ತಿಂದೆವು. ಮೂರೂವರೆ ಎಕರೆ ಜಾಗ, ಹಳೇ ಮರಗಳು, ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನಲಿಲ್ಲ.

ಇನ್ನು ಕೊಚ್ಚಿ. ಈ ಬಿನಾಲೆ 2012ರ ಡಿಸೆಂಬರ್ 12ಕ್ಕೆ ಶುರುವಾದದ್ದು. ನಾವು ಹೋದದ್ದು ನಾಲ್ಕನೆಯದಕ್ಕೆ, ಅನಿತಾ ದುಬೆ ಅವರು ಆರಿಸಿ ಜೋಡಿಸಿದ್ದಕ್ಕೆ. ಬೆಂಗಳೂರಿನಲ್ಲಿ ಇಳಿದು ಇನ್ನೊಂದು ರೈಲು, ಎರ್ನಾಕುಲಂನಲ್ಲಿ ಇಳಿದು ದೋಣಿ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಆಗ ಮುಖ್ಯ ಜಾಗ. ಹಿಂದೆ ಮೆಣಸು, ತೆಂಗಿನೆಣ್ಣೆ ವ್ಯಾಪಾರ ಮಾಡುತ್ತಿದ್ದ ಕಂಪನಿಯ ಗೋದಾಮು ಅದು, ಸಮುದ್ರಕ್ಕೆ ಅಂಟಿಕೊಂಡಿದೆ. ಅದು ಬಿಟ್ಟು ಊರ ತುಂಬ ಹರಡಿದ ಬೇರೆ ಬೇರೆ ಜಾಗ.

ಆಸ್ಪಿನ್‌ವಾಲ್‌ನಲ್ಲಿ ಶಿಲ್ಪಾ ಗುಪ್ತಾ ಅವರ ಕೋಣೆ. ಒಳಗೆ ಮಬ್ಬು ಕತ್ತಲೆ. ಮೇಲಿಂದ 100 ಮೈಕ್ ಇಳಿಬಿಟ್ಟಿದ್ದಾರೆ. ಒಂದೊಂದರ ಕೆಳಗೂ ಒಂದು ಸಲಾಕೆ, ಅದರ ಮೊನೆಗೆ ಚುಚ್ಚಿದ ಒಂದು ಹಾಳೆ. ಹಾಳೆಯಲ್ಲಿ, ಬರೆದದ್ದಕ್ಕೇ ಜೈಲು ಸೇರಿದ ಕವಿಗಳ ಸಾಲುಗಳು. ಆ ಮೈಕ್‌ಗಳು ನಮ್ಮ ಮಾತು ಕೇಳೋದಿಲ್ಲ, ಅವೇ ಮಾತಾಡುತ್ತವೆ. ಒಂದು ಮೂಲೆಯಿಂದ ಒಂದು ಧ್ವನಿ ಏಳುತ್ತೆ, ಉಳಿದವು ಅದನ್ನೇ ಹಿಡಿದು ಹೇಳುತ್ತವೆ. ನಮ್ಮ ಕಟಿಂಗ್ ಮಾಸ್ಟರ್ ಮೇಜಿನ ಮೇಲೆ ಲಾಟ್ ಚೀಟಿ ಚುಚ್ಚಿಡುವ ಒಂದು ಕಬ್ಬಿಣದ ಮುಳ್ಳಿದೆ. ಮುಗಿದ ಲೆಕ್ಕ ಅಂತ ಚುಚ್ಚಿಬಿಡೋದು. ಆ ಹಾಳೆಗಳನ್ನು ನೋಡಿದ ಕೂಡಲೇ ನನಗೆ ಅದೇ ನೆನಪಾಗಿ ಮೈ ಜುಮ್ ಅಂತು. ದನಿಗೆ ಮಾತ್ರ ನಮ್ಮ ಸಂಗನಕಲ್ಲು ಹತ್ತಿರದ ಕುಪ್ಗಲ್ ಗುಡ್ಡ ನೆನಪಾಯಿತು. ಅಲ್ಲಿನ ಬಂಡೆಗಳ ಮೇಲೆ ಸಾವಿರಾರು ವರ್ಷದ ಹಿಂದೆ ಕೆತ್ತಿದ ಡುಬ್ಬದ ಎತ್ತುಗಳಿವೆ. ಕೆಲವು ಕಲ್ಲು ಬಡಿದರೆ ಗಂಟೆ ಹಾಗೆ ದನಿ ಕೊಡುತ್ತವೆ. ಬಳ್ಳಾರಿಯವರು ಎಷ್ಟು ಜನ ಹೋಗಿ ಕೇಳಿದ್ದೀರಿ? ದಯವಿಟ್ಟು ಹೋಗಿ.

ಆ ಕೋಣೆಯಲ್ಲಿ ನಾನು ನಿಂತದ್ದು ಹದಿನೈದು ನಿಮಿಷ. 100 ಧ್ವನಿ, ಹದಿನೈದು ನಿಮಿಷ. ಒಂದೂವರೆ ದಿನದಲ್ಲಿ ಎಲ್ಲ ಮುಗಿಸಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋತು, ಎದುರಿಗೆ ಏನಿದ್ದರೂ ಒಂದೇ ಥರ ಕಾಣೋಕೆ ಶುರುವಾಯಿತು. ಮತ್ತೆ ಬಂದು ಕೇಳೋಣ ಅಂದರೆ ಬಳ್ಳಾರಿ ಎಲ್ಲಿ, ಕೊಚ್ಚಿ ಎಲ್ಲಿ. ಮುಂದಿನ ಬಿನಾಲೆಯಲ್ಲಿ ಬೇರೆ ಕಲಾವಿದರು, ಬೇರೆ ಕೋಣೆಗಳು. ಅದೂ ಕೊರೋನಾದಿಂದ ಮುಂದೆ ಹೋಗಿ 2022ರ ಕೊನೆಗೆ ಆಯಿತು. ಆ ಕೋಣೆ ನನಗೆ ಅರ್ಧವೇ ಉಳಿಯಿತು. ಈಗಲೂ ಬೇಜಾರಿದೆ.

ಇನ್ನು ಬ್ಯಾಗ್ ವಿಷಯ. ಹೊರಡೋ ಮುಂಚೆ ಇದನ್ನು ಯಾರೂ ಹೇಳಲ್ಲ, ಆದ್ದರಿಂದ ಉದ್ದ ಬರೆಯುತ್ತೇನೆ.

ರೈಲು ಇಳಿಯೋದು ಬೆಳಗ್ಗೆ ಬೇಗ. ಗ್ಯಾಲರಿ ತೆರೆಯೋಕೆ ಇನ್ನೂ ಗಂಟೆಗಟ್ಟಲೆ ಇರುತ್ತೆ. ಕೈಯಲ್ಲಿ ಬ್ಯಾಗ್. ಅದರಲ್ಲಿ ಬುತ್ತಿ, ಒಂದು ಜೊತೆ ಬಟ್ಟೆ, ಹುಡುಗಿಯ ಡ್ರಾಯಿಂಗ್ ಹಾಳೆಗಳು, ನಾನು ಎಲ್ಲಿ ಹೋದರೂ ಜೊತೆಗಿರುವ ದಾರ ಕತ್ತರಿಸೋ ಚಿಕ್ಕ ಕತ್ತರಿ. ಸ್ಟೇಷನ್‌ನ ಕ್ಲೋಕ್ ರೂಮ್‌ನಲ್ಲಿ ಇಡೋಣ ಅಂತ ಹೋದೆವು. ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳಲ್ಲ ಅಂದರು. ರೈಲ್ವೆ ನಿಯಮವೇ ಹಾಗಂತೆ, ಪ್ರಯಾಣದ ಟಿಕೆಟ್ ತೋರಿಸಬೇಕು, ಬ್ಯಾಗ್‌ಗೆ ಬೀಗ ಇರಬೇಕು. ನಮ್ಮದು ಒಂದೇ ರನ್ನರ್‌ನ ಹಳೇ ಜಿಪ್ ಬ್ಯಾಗ್, ಅಂದರೆ ಜಿಪ್ ಎಳೆಯೋ ಹಿಡಿ ಒಂದೇ. ಬೀಗ ಹಾಕೋಕೆ ಜಾಗವೇ ಇಲ್ಲ. ಜಾಗ ಇದ್ದಿದ್ದರೂ ಆ ಹೊತ್ತಿಗೆ ಬೀಗ ಮಾರುವ ಅಂಗಡಿ ಎಲ್ಲಿ ತೆರೆದಿರುತ್ತೆ? ಹೊತ್ತುಕೊಂಡೇ ತಿರುಗಿದೆವು.

ಎನ್‌ಜಿಎಂಎಯಲ್ಲಿ ಕೌಂಟರ್‌ನಲ್ಲಿ ಇಟ್ಟುಕೊಂಡರು, ಅಲ್ಲಿ ತೊಂದರೆ ಆಗಲಿಲ್ಲ. ಮಧ್ಯಾಹ್ನ ಇನ್ನೊಂದು ಕಡೆ, ಖಾಸಗಿ ಜಾಗ, ಹೆಸರು ಬೇಡ, ಅಲ್ಲಿ "ಬ್ಯಾಗ್ ಹೊರಗೆ ಇಡಿ" ಅಂದರು. ಹೊರಗೆ ಅಂದರೆ ಫುಟ್‌ಪಾತ್. ಅದಕ್ಕೆ ಒಬ್ಬರು ಬ್ಯಾಗ್ ಕಾಯೋದು, ಒಬ್ಬರು ಒಳಗೆ ಹೋಗೋದು. ಅವಳು ಬಂದು "ಚಿಕ್ಕಮ್ಮ, ಎರಡನೇ ಗೋಡೆಯಲ್ಲಿರೋದು ನೋಡು" ಅಂದಳು. ಒಳಗೆ ಹೋದರೆ ಯಾವುದು ಎರಡನೇ ಗೋಡೆ ಅಂತ ಗೊತ್ತಾಗಲಿಲ್ಲ. ನೋಡುತ್ತಾ ಮಾತಾಡೋಣ ಅಂತಲೇ ಅಲ್ವಾ ನಾವಿಬ್ಬರು ಅಷ್ಟು ದೂರದಿಂದ ಹೋಗಿದ್ದು? ಚಿತ್ರದ ಪಕ್ಕದ ಚೀಟಿಯ ಇಂಗ್ಲಿಷ್ ಅವಳು ಓದಿ ಹೇಳಬೇಕು, ದಾರ ಬಟ್ಟೆ ವಿಷಯ ನಾನು ಹೇಳಬೇಕು. ಒಂದು ಬ್ಯಾಗ್‌ನಿಂದ ಆ ಮಧ್ಯಾಹ್ನ ಪೂರ್ತಿ ಹೋಯಿತು. ಕೊಚ್ಚಿಯಲ್ಲಿ ಲಾಡ್ಜ್ ಮಾಡಿದ್ದರಿಂದ ಬ್ಯಾಗ್ ಚಿಂತೆ ಇರಲಿಲ್ಲ, ಆದರೆ ಆ ಲಾಡ್ಜ್ ಬಾಡಿಗೆಯಲ್ಲಿ ಇಬ್ಬರು ಬೆಂಗಳೂರಿಗೆ ಹೋಗಿ ಬರಬಹುದಿತ್ತು.

ವಾಪಸ್ ಬಂದ ವಾರವೇ ಕಟಿಂಗ್‌ನಲ್ಲಿ ಉಳಿದ ಡೆನಿಮ್ ತುಂಡುಗಳಿಂದ ಒಂದು ಬ್ಯಾಗ್ ಹೊಲಿದೆ. ಎರಡು ರನ್ನರ್ ಇರುವ ಜಿಪ್, ಎರಡರ ತೂತಿಗೂ ಸೇರಿ ಒಂದೇ ಬೀಗ. ಬೀಗ ಬ್ರೂಸ್‌ಪೇಟೆಯಲ್ಲಿ 60 ರೂಪಾಯಿ. ಫೋನು, ದುಡ್ಡು, ಆಧಾರ್, ಟಿಕೆಟ್‌ಗೆ ಬೇರೆ ಚಿಕ್ಕ ಚೀಲ, ಕುತ್ತಿಗೆಗೆ ಹಾಕಿಕೊಳ್ಳೋ ಹಾಗೆ. ಕತ್ತರಿ ಮನೆಯಲ್ಲೇ. ಅವತ್ತಿನಿಂದ ಬೆಳಗ್ಗೆ ಬ್ಯಾಗ್ ಸ್ಟೇಷನ್ ಕ್ಲೋಕ್ ರೂಮಿಗೆ ಹಾಕಿಸಿ ಕೈ ಬೀಸಿಕೊಂಡು ಹೋಗುತ್ತೇವೆ.

ಸೋಮವಾರ ಎನ್‌ಜಿಎಂಎ ರಜಾ. ಭಾನುವಾರ ರಾತ್ರಿ ರೈಲು ಹತ್ತಬೇಡಿ.

ಬೇರೆ ಜಾಗಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ತುಂಬ ನಡೆಯುತ್ತೆ. ಕೊಳ್ಳೋಕೆ, ಕಲಾವಿದರ ಜೊತೆ ಮಾತಾಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ನಿಂತು ನೋಡೋಕೆ ಜನ ಜಾಸ್ತಿ. ಕಸ್ತೂರ್ಬಾ ರಸ್ತೆಯ ಮ್ಯಾಪ್ ಅನ್ನೋ ಕಲೆ, ಫೋಟೊಗಳ ಮ್ಯೂಸಿಯಂ 2023ರಲ್ಲಿ ತೆರೆಯಿತು, ಚೆಂದ ಇದೆ, ಒಮ್ಮೆ ಹೋಗಿ. ರಾಯಚೂರಿನವರಾದರೆ ನಿಮಗೆ ಹೈದರಾಬಾದೇ ಹತ್ತಿರ, ಮಾಧಾಪುರದ ಸರ್ಕಾರಿ ಆರ್ಟ್ ಗ್ಯಾಲರಿ ನೋಡಿ.

ದುಡ್ಡಿನ ಲೆಕ್ಕ ಹೀಗೆ. ಕೊಚ್ಚಿಗೆ ಇಬ್ಬರಿಗೆ ರೈಲು, ಲಾಡ್ಜ್, ಊಟ, ದೋಣಿ, ಟಿಕೆಟ್ ಎಲ್ಲ ಸೇರಿ 8,700 ರೂಪಾಯಿ ಆಯಿತು. ನಾಲ್ಕು ದಿನದ ಕೂಲಿ ಹೋದದ್ದು ಬೇರೆ. ಬೆಂಗಳೂರಿಗೆ ಆಗ ಒಂದು ಸಲಕ್ಕೆ ಇಬ್ಬರಿಗೆ 1,400, ಒಂದೇ ದಿನದ ಕೂಲಿ. ಒಂದು ಕೊಚ್ಚಿಗೆ ಆರು ಬೆಂಗಳೂರು. ತಿಂಗಳ ಸಂಬಳದವರಿಗೆ, ರಜೆಗೂ ಸಂಬಳ ಸಿಗುವವರಿಗೆ ಈ ಲೆಕ್ಕ ಬೇರೆ ಇರಬಹುದು. ನೀವು ಬೇಗ ಬೇಗ ನೋಡಿ ಎಲ್ಲ ನೆನಪಿಟ್ಟುಕೊಳ್ಳುವವರಾದರೆ ಕೊಚ್ಚಿಗೆ ಹೋಗಿ, ಕನಿಷ್ಠ ಮೂರು ದಿನ ಇಟ್ಟುಕೊಳ್ಳಿ. ನನಗೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದಾಗಲೇ ಕೆಲಸ ಗೊತ್ತಾಗೋದು, ಚಿತ್ರವೂ ಹಾಗೇ.

ನೋಡಬೇಕು ಅಂತ ಕಾಯುತ್ತಿರೋದು ಒಂದಿದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸೂಜಿಗೆ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಕುಂಕುಮ ಹಚ್ಚಿ ಹಗ್ಗ ಮಾಡಿ, ಗೋಡೆಯಿಂದ ನೆಲಕ್ಕೆ ಹರಿಬಿಟ್ಟಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ತೂಗುತ್ತೆ. ಅಕ್ಕನ ಮಗಳು ರೈಲಿನಲ್ಲಿ ಅದರ ಫೋಟೊ ತೋರಿಸಿದಾಗ ನಾನು ನನ್ನ ಬೆರಳು ನೋಡಿಕೊಂಡೆ. ಎರಡು ಸಲ ಸೂಜಿ ಹೊಕ್ಕ ಗುರುತು ಉಗುರಿನ ಪಕ್ಕ ಇನ್ನೂ ಇದೆ. ಅದು ನಾನು ಹೋಗಬಹುದಾದ ಜಾಗಕ್ಕೆ ಬಂದ ದಿನ ಯೂನಿಟ್‌ಗೆ ಖಂಡಿತ ರಜಾ.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ಈ ಸಲ ಯೂನಿಟ್‌ನ ಮೂವರು ಹುಡುಗಿಯರೂ ಬರುತ್ತಿದ್ದಾರೆ. ಅವರಿಗೂ ಅಂಥದ್ದೇ ಬ್ಯಾಗ್ ಬೇಕಂತೆ. ಡೆನಿಮ್ ಕತ್ತರಿಸಿ ಇಟ್ಟಿದ್ದೇನೆ, ಆರು ರನ್ನರ್ ತರಬೇಕು.