ಬಾಸ್ಕ್ ಪರಿಸರ ಪದಗಳಿಗೆ ಎವುಸ್ಕಲ್‌ಟೆರ್ಮ್: ಬಳಸಿ ನೋಡಿದ ಮೇಲೆ

ಸ್ಪೇನಿನ ಬಾಸ್ಕ್ ನಾಡಿನ ವಿತೋರಿಯಾ-ಗಸ್ತೇಸ್ 2012ರಲ್ಲಿ ಯುರೋಪಿನ ಹಸಿರು ರಾಜಧಾನಿ ಎನಿಸಿಕೊಂಡ ಊರು. ಅಲ್ಲಿನ ಪರಿಸರ ಕರಪತ್ರಗಳನ್ನು ಆ ನಾಡಿನ ಭಾಷೆಯಾದ ಬಾಸ್ಕ್‌ನಿಂದ ಇಂಗ್ಲಿಷ್‌ಗೆ ತರುವಾಗ ನಾನು ದಿನವೂ ತೆರೆಯುವುದು ಎವುಸ್ಕಲ್‌ಟೆರ್ಮ್ ಎಂಬ ಸಾರ್ವಜನಿಕ ಪದಕೋಶವನ್ನು. ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪದಗಳ ಒಡಲು. ‘ಬೆರೊತೆಗಿ’ ಅಂದರೆ ಗ್ರೀನ್‌ಹೌಸ್. ಬಿಡಿಸಿದರೆ ‘ಬಿಸಿಯ ತಾಣ’. ನಾವು ಇಂಗ್ಲಿಷಿನ ಬಣ್ಣ ಹಿಡಿದು ‘ಹಸಿರುಮನೆ’ ಎಂದೆವು, ಅವರು ಒಳಗಿನ ಶಾಖವನ್ನೇ ಹೆಸರಿಸಿದರು. ಎಷ್ಟು ಸರಿ! ‘ಇಂಗುರು’ ಎಂದರೆ ಸುತ್ತಮುತ್ತ, ಅದರಿಂದಲೇ ‘ಇಂಗುರುಮೆನ್’, ಪರಿಸರ. ಸುಸ್ಥಿರ ಅಭಿವೃದ್ಧಿಗೆ ಎರಡು ರೂಪಗಳಿವೆ: ‘ಗರಪೆನ್ ಯಸಂಗರ್ರಿಯಾ’, ‘ಗರಪೆನ್ ಇರೌನ್‌ಕೊರ್ರಾ’. ಮೊದಲನೆಯದರಲ್ಲಿ ತಾಳಿಕೊಳ್ಳುವ ಅರ್ಥ, ಎರಡನೆಯದರಲ್ಲಿ ಬಾಳಿಕೆ ಬರುವ ಅರ್ಥ. ಎರಡೂ ಬಳಕೆಯಲ್ಲಿವೆ, ಒಂದೇ ಬರಹದಲ್ಲಿ ಮಾತ್ರ ಬೆರೆಸಬೇಡಿ.

ಹಿಂದೆ ನಾನು ನಂಬಿದ್ದ ಒಂದು ಕಿರು ಪದಪಟ್ಟಿ ‘ಬಿರ್ಸಿಕ್ಲತು’, ‘ಬೆರ್ರೆರಬಿಲಿ’ ಎರಡನ್ನೂ ಒಂದೇ ಎಂದು ಕೊಟ್ಟು ಇಡೀ ಪುಟ ತಿದ್ದಿಸಿತ್ತು. ಮೊದಲನೆಯದು ಕರಗಿಸಿ ಹೊಸದು ಮಾಡುವುದು, ಎರಡನೆಯದು ಇದ್ದ ಬಾಟಲಿಯನ್ನೇ ತೊಳೆದು ಮತ್ತೆ ತುಂಬುವುದು. ಕನ್ನಡದಲ್ಲೂ ಎರಡಕ್ಕೂ ‘ಮರುಬಳಕೆ’ ಎಂದುಬಿಡುತ್ತೇವಲ್ಲ, ಅದು ನನಗೆ ಆವತ್ತಿನಿಂದ ಚುಚ್ಚುತ್ತಿದೆ.